ಹಳ್ಳ ಸೇರುವ ಮೂಲೆ

“ತೋಡೋದು ನಿಲ್ಸಿ!” ಎಂದು ಕೂಗುತ್ತಲೇ ಲತಾ ಹಳೆಯ ನಕಾಶೆಯನ್ನು ಹೆಣದ ವ್ಯಾನಿನ ಬಾನೆಟ್ಟಿನ ಮೇಲೆ ಹರಡಿದಳು. ಗುದ್ದಲಿ ಹಿಡಿದವರು ಅವಳ ಅಣ್ಣ ಭೈರೇಶನ ಮುಖ ನೋಡಿದರು. ವ್ಯಾನಿನೊಳಗೆ ಅವರ ತಾಯಿ ಅಕ್ಕಯ್ಯಮ್ಮ ಹೂವಿನಡಿ ಮಲಗಿದ್ದಳು.

“ಹೊತ್ತಾಗ್ತಿದೆ ಕಣೇ. ಅಪ್ಪನ್ನ ಮಣ್ಣು ಮಾಡಿದ್ದು ಇಲ್ಲೇ, ಗುಡಿ ಕೆಳಗಡೆ. ನಾನು ಚಿಕ್ಕೋನಾದ್ರೂ ನೋಡಿದೀನಿ. ನೀನಿನ್ನೂ ಅಮ್ಮನ ಹೊಟ್ಟೇಲಿದ್ದೆ.”

“ಅದಕ್ಕೇ ಮ್ಯಾಪ್ ನೋಡಿ ಹೇಳ್ತಿರೋದು.”

ಕೆಂಗೇರಿಯ ಆ ಬಯಲಿನಾಚೆ ವೃಷಭಾವತಿ ಕಾಂಕ್ರೀಟು ಗೋಡೆಗಳ ನಡುವೆ ಕಪ್ಪಗೆ ಹರಿಯುತ್ತಿತ್ತು. ನಕಾಶೆಯಲ್ಲಿ ಅದು ನೀಲಿ. ಗುಡಿಯ ಹತ್ತಿರ ಮೊಣಕೈಯಂತೆ ಬಾಗಿತ್ತು.

*

ಶಾಲೆಯಲ್ಲಿ ಭೂಗೋಳ ಕಲಿಸುವ ಲತಾ ಹೋದ ವರ್ಷ ಆ ನಕಾಶೆ ತಂದಾಗ ಅಕ್ಕಯ್ಯಮ್ಮ ನಕ್ಕಿದ್ದಳು. “ಇಷ್ಟು ಸಣ್ಣ ಹೊಳೇಲಿ ನಾನು ಎಮ್ಮೆ ಮೈ ತೊಳೀತಿದ್ನೇನೇ?”

ಆ ದಡದಲ್ಲಿ ಸೊಪ್ಪು ಬೆಳೆದು, ತಲೆಯ ಮೇಲೆ ಹೊತ್ತು ಮಾರಿ ಮಕ್ಕಳಿಬ್ಬರನ್ನು ಸಾಕಿದವಳು. ಹೊಳೆ ನಾರತೊಡಗಿದ ಮೇಲೆ ಅತ್ತ ಹೋಗುವುದನ್ನೇ ಬಿಟ್ಟಿದ್ದಳು. ಅಂದು ಮಾತ್ರ ನೀಲಿ ಗೆರೆಯ ಗುಂಟ ಬೆರಳು ಸರಿಸುತ್ತ ಬಹಳ ಹೊತ್ತು ಕೂತಳು.

“ಹಳ್ಳ ಬಂದು ಹೊಳೆ ಸೇರೋ ಮೂಲೇಲಿ ನಿಮ್ಮಪ್ಪ. ನನ್ನೂ ಅಲ್ಲೇ ಮಲಗ್ಸಿ. ಪಕ್ಕದಲ್ಲೇ ಕಣೇ, ದೂರ ಬೇಡ.”

*

“ಹಳ್ಳ ಸೇರೋದು ಗುಡಿಯಿಂದ ಮೇಲ್ಗಡೆ, ನೋಡು. ಕೆಳಗಡೆ ಅಲ್ಲ.” ಲತಾ ಕೈ ಎತ್ತಿ ತೋರಿಸಿದ ಕಡೆ ಭೈರೇಶನ ಹೊಲಿಗೆ ಶೆಡ್ಡು ನಿಂತಿತ್ತು.

“ತಲೆ ಕೆಟ್ಟಿದ್ಯಾ? ಅಲ್ಲಿ ಎಲ್ಲಿದೆ ಹಳ್ಳ?”

“ನೀನೇ ಮುಚ್ಚಿಸ್ದೆಯಲ್ಲೋ,” ಎಂದ ಮಾಗಡಿಯಿಂದ ಬಂದಿದ್ದ ಸೋದರಮಾವ ಮುನಿವೆಂಕಟಪ್ಪ. “ನಿಮ್ಮಪ್ಪನ ಮಣ್ಣಿಗೆ ನಾನು ಬಂದಿರ್ಲಿಲ್ಲ. ಆದ್ರೆ ಶೆಡ್ ಕಟ್ಟೋವಾಗ ನೀನು ಹಳ್ಳಕ್ಕೆ ಲಾರಿಗಟ್ಲೆ ಮಣ್ಣು ಸುರಿಸಿದ್ದು ನೋಡಿದೀನಿ.”

ಭೈರೇಶ ನಕಾಶೆಯನ್ನು ಕಿತ್ತುಕೊಂಡ. ಹರಿದೇ ಹಾಕುತ್ತಾನೆ ಅನ್ನಿಸಿತು ಲತಾಗೆ. ಅವನು ಗುಡಿಯ ಗುರುತಿನ ಮೇಲೆ ಹೆಬ್ಬೆರಳಿಟ್ಟು, ಗೆರೆಯ ಗುಂಟ ಮೇಲೆ ಮೇಲೆ ಹೋದ. ಶೆಡ್ಡಿನ ಕಡೆ ನೋಡಿದ. ಮತ್ತೆ ಕಾಗದ ನೋಡಿದ.

“ಮೆಷಿನ್ನೆಲ್ಲಾ ಆಚೆ ಇಡ್ರೋ,” ಎಂದ ಕೊನೆಗೆ.

ಹೊಲಿಗೆ ಯಂತ್ರಗಳು ಬಿಸಿಲಿಗೆ ಬಂದವು. ಹಾರೆಯ ಏಟಿಗೆ ಸಿಮೆಂಟು ನೆಲ ಒಡೆಯಿತು. ಅದರಡಿ ಇಟ್ಟಿಗೆ ಚೂರು, ಕೆಮ್ಮಣ್ಣು, ಬಹಳ ಹೊತ್ತಿನ ಮೇಲೆ ಹೊಳೆಯ ಮರಳು.

ಗುದ್ದಲಿ ಮತ್ತೆ ಮೇಲೇಳುವಷ್ಟರಲ್ಲಿ ಭೈರೇಶ “ಸಾಕು, ಸಾಕು!” ಎಂದು ಕೂಗಿ ಗುಂಡಿಗಿಳಿದ. ಬಿಳಿ ಅಂಗಿಯ ತೋಳನ್ನೂ ಮಡಿಸದೆ ಮಂಡಿಯೂರಿ, ಎಲ್ಲಿ ಅಪ್ಪನ ಮೂಳೆ ತಗುಲೀತೋ ಎಂದು ತಡೆತಡೆದು, ಒದ್ದೆ ಮರಳನ್ನು ಬರಿಗೈಯಲ್ಲಿ ಸರಿಸತೊಡಗಿದ.