ನೋಡಿದ ಕೂಡಲೇ ಗೊತ್ತಾಗುವುದು

ಮೋರ್ವೆನ್ ಗೆಡ್ಡಿಸ್‌ಗೆ ವಾರ್ಡಿನ ಚಾಳಿ ಬಿಟ್ಟಿರಲಿಲ್ಲ. ಲ್ಯಾಬಿಗೆ ಬಂದವಳೇ ಕೋಟಿನ ತೋಳನ್ನು ಮೊಣಕೈವರೆಗೆ ಮಡಚುವಳು. "ತೋಳು ಇಳಿಸು ಕಣೇ, ಇದು ಆಸ್ಪತ್ರೆಯಲ್ಲ" ಎಂದು ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಇಷ್‌ಬೆಲ್ ರೆನ್ನಿ ಗದರುವರು. ಮೋರ್ವೆನ್ ಮೂರು ವರ್ಷ ವೈದ್ಯಕೀಯ ಓದಿ, ನಡುವೆ ಒಂದು ವರ್ಷ ಅದನ್ನು ನಿಲ್ಲಿಸಿ ಸಂಶೋಧನೆಯ ಪದವಿಗೆ ಸೇರಿದ್ದಳು. ಡಂಡೀಯ ವೈದ್ಯಕೀಯ ಕಾಲೇಜಿನಲ್ಲಿ ಇದೇನೂ ಹೊಸದಲ್ಲ, ಜಾಣ ಮಕ್ಕಳೆಲ್ಲ ಮಾಡುವುದೇ. ಅದರ ಬೇಸರ ಮಾತ್ರ ಮಾಡಿದವರಿಗೇ ಗೊತ್ತು.

ಸಹಪಾಠಿಗಳೆಲ್ಲ ಮುಂದಿನ ವರ್ಷಕ್ಕೆ ಹೋಗಿಬಿಟ್ಟಿದ್ದರು. ಒಂದೇ ಮನೆಯಲ್ಲಿದ್ದ ಫೆನೆಲಾ ಸಂಜೆ ಮ್ಯಾಕರೋನಿ ಪೈ ಕಚ್ಚುತ್ತ ಹೆರಿಗೆ ವಾರ್ಡಿನ ಕಥೆ ಬಿಚ್ಚುವಳು.

"ನಿಂದೇನೇ ಸಮಾಚಾರ?"

"ಇಲಿ ಲಿವರ್ರು."

"ನಿನ್ನೆನೂ ಅದೇ ಅಂದೆ."

"ನಾಳೆನೂ ಅದೇ ಅಂತೀನಿ, ಕೇಳ್ಬೇಡ."

"ಆ ಇಲಿಗಳಿಗಿಂತ ನೀನೇ ಸೊರಗಿದೀಯ ಮಾರಾಯ್ತಿ!"

ಕೆಲಸವೇನೋ ಸರಳ. ಲಿವರ್ ಕೆಟ್ಟ ಇಲಿಗಳಲ್ಲಿ ಅರ್ಧಕ್ಕೆ ಇಷ್‌ಬೆಲ್ ಅವರ ಔಷಧಿ ಕೊಟ್ಟಿದ್ದರು, ಅರ್ಧಕ್ಕೆ ಬರಿ ಉಪ್ಪುನೀರು. ಗುಟ್ಟಿನ ಸಂಖ್ಯೆಯಷ್ಟೇ ಇರುವ ಗಾಜಿನ ಪಟ್ಟಿಯ ಮೇಲಿನ ಲಿವರ್ ಚೂರು ಯಾವ ಇಲಿಯದೆಂದು ತಿಳಿಯದೆಯೇ ಮೋರ್ವೆನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಗಾಯದ ಕಲೆ ಎಷ್ಟಿದೆಯೆಂದು ಅಂಕ ಹಾಕಬೇಕು; ಕಲೆ ಹೆಚ್ಚಿದಷ್ಟೂ ಅಂಕ ಹೆಚ್ಚು. ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ. ಚಳಿಗಾಲವಿಡೀ ಅವಳು ಅಂಕ ಹಾಕಿದಳು. ಕತ್ತು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಓದಿದ ವೈದ್ಯಕೀಯವೆಲ್ಲ ಸೋರಿಹೋಗುತ್ತಿದೆಯೆಂಬ ಭಯ ಬೇರೆ. ಈ ಫಲಿತಾಂಶವಾದರೂ ಕೈಹಿಡಿದು ಮೊದಲ ದರ್ಜೆ ಸಿಕ್ಕರೆ ಕಳೆದುಕೊಂಡ ವರ್ಷಕ್ಕೊಂದು ಅರ್ಥ ಎಂದುಕೊಂಡಿದ್ದಳು.

ಕೈಹಿಡಿಯಿತು. ಗುಟ್ಟಿನ ಸಂಖ್ಯೆಗಳನ್ನು ಬಿಚ್ಚಿ ಹೋಲಿಸಿದಾಗ ಔಷಧಿ ತಿಂದ ಇಲಿಗಳ ಕಲೆ ಎದ್ದು ಕಾಣುವಷ್ಟು ಕಡಿಮೆ. ಎಂಟು ವರ್ಷ ಇದೇ ಔಷಧಿಯ ಬೆನ್ನು ಹತ್ತಿದ್ದ ಇಷ್‌ಬೆಲ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಆಮೇಲೆ, "ಪ್ರಬಂಧಕ್ಕೆ ಒಂದು ಚಿತ್ರ ಬೇಕು. ಔಷಧಿ ತಿಂದವುಗಳಲ್ಲಿ ಒಂದನ್ನ ಹುಡುಕು" ಎಂದರು.

ಮೋರ್ವೆನ್ ಸಂಖ್ಯೆ ನೋಡುವ ಗೋಜಿಗೇ ಹೋಗಲಿಲ್ಲ. ತಟ್ಟೆಯಿಂದ ಒಂದು ಗಾಜಿನ ಪಟ್ಟಿ ಎತ್ತಿ ಸೂಕ್ಷ್ಮದರ್ಶಕಕ್ಕಿಟ್ಟು ಇಣುಕಿ, "ಇದಲ್ಲ" ಎಂದಳು. ಮತ್ತೊಂದನ್ನಿಟ್ಟು, "ಇದು" ಎಂದಳು.

ಇಷ್‌ಬೆಲ್ ಸಂಖ್ಯೆ ತಾಳೆ ನೋಡಿದರು. ಸರಿಯಾಗಿತ್ತು. "ಇನ್ನೊಂದು?" ಅದೂ ಸರಿ. ಅವರ ದನಿ ಇಳಿಯಿತು. "ಹೇಗೆ ಗೊತ್ತಾಯ್ತು ನಿಂಗೆ?"

"ಸುಲಭ!" ಮೋರ್ವೆನ್ ಪರೀಕ್ಷಕರ ಮುಂದೆ ನಿಂತವಳಂತೆ ಬಡಬಡಿಸಿದಳು. "ಈ ಜಾತಿಯ ಔಷಧಿ ತಿಂದ್ರೆ ಲಿವರ್ ಕೋಶದಲ್ಲಿ ಸಣ್ಣ ಕೊಬ್ಬಿನ ಗುಳ್ಳೆ ಬರತ್ತೆ. ಎರಡನೇ ವರ್ಷದಲ್ಲೇ ಉರು ಹೊಡೆದಿದ್ವಿ. ನೋಡಿದ ಕೂಡಲೇ..."

ಅಲ್ಲಿಗೆ ನಿಂತಳು. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೇ ಬಿದ್ದಿತ್ತು.

"ಅಂಕ ಹಾಕುವಾಗಲೂ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು." ಅವಳಿಗೆ ಅಳು ಬಂತು. ಕಂಡದ್ದಕ್ಕೆ ಕಾಯಿಲೆಯ ಹೆಸರು ಹೇಳುವುದನ್ನೇ ಮೂರು ವರ್ಷ ಕಲಿಸಿದ್ದರು. ಗುರುತು ಹಿಡಿದದ್ದು ತಪ್ಪೆಂದು ಹೊಳೆದೇ ಇರಲಿಲ್ಲ.

ಇಷ್‌ಬೆಲ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಗುಳ್ಳೆ ಬರತ್ತೆ ಅಂತ ನಂಗೂ ಗೊತ್ತಿತ್ತು" ಎಂದರು. "ಬೇಕಾದ ಉತ್ತರ ಬರೋವಾಗ ಯಾರು ಅದನ್ನೆಲ್ಲ ಯೋಚನೆ ಮಾಡ್ತಾರೆ?"

ಅದೇ ಲಿವರ್‌ಗಳಿಂದ ಹೊಸ ಚೂರು ಕೊಯ್ದು ಗಾಜಿನ ಪಟ್ಟಿಗಿಟ್ಟು, ಗಾಯದ ಎಳೆ ಬಿಟ್ಟು ಮತ್ತೇನೂ ಕಾಣದಂಥ ಕೆಂಪು ಬಣ್ಣ ಹಾಕಿದರು. ಈ ಸಲ ಗುಟ್ಟಿನ ಸಂಖ್ಯೆಗಳು ಮೋರ್ವೆನ್ ಕೈಯಲ್ಲಿ, ಕಣ್ಣು ಇಷ್‌ಬೆಲ್ ಅವರದು. ಅವರು ನೋಡಿ ಅಂಕ ಕೂಗುವರು, ಇವಳು ಬರೆದುಕೊಳ್ಳುವಳು. ಉಪ್ಪುನೀರಿನ ಇಲಿಗೆ ಎರಡು. ಔಷಧಿಯ ಇಲಿಗೂ ಎರಡು. ಔಷಧಿಯ ಇನ್ನೊಂದಕ್ಕೆ ಮೂರು. ಆ ಎಂಟು ವರ್ಷ ತನ್ನ ಪೆನ್ನಿನ ತುದಿಯಲ್ಲೇ ಕರಗುತ್ತಿರುವುದನ್ನು ಮೋರ್ವೆನ್ ನೋಡುತ್ತಿದ್ದಳು. ಬಾಯಿ ಬಿಡುವಂತಿರಲಿಲ್ಲ.

"ಹಾಗೆ ಉಸಿರು ಬಿಡಬೇಡ ಕಣೇ" ಎಂದರು ಇಷ್‌ಬೆಲ್, ಕಣ್ಣು ಎತ್ತದೆ. "ನಂಗೆ ಕೇಳ್ಸತ್ತೆ. ಆ ಕಡೆ ತಿರುಗಿ ಕೂತ್ಕೋ."

ಅವಳು ಗೋಡೆಗೆ ಮುಖ ಮಾಡಿ ಕುಳಿತಳು. ಒಂದೊಂದು ಅಂಕ ಬಂದಾಗಲೂ ಬೆನ್ನನ್ನು ಅಲುಗಾಡದಂತೆ ಹಿಡಿದುಕೊಂಡಳು. ಕೊನೆಯ ಪಟ್ಟಿ ಮುಗಿಯಿತು.

"ತಿರುಗು ಈ ಕಡೆ" ಎಂದರು ಇಷ್‌ಬೆಲ್. ಅವಳ ಮುಖವನ್ನೇ ನೋಡಿದರು. "ಬಿಡು, ಗೊತ್ತಾಯ್ತು."

ಮೋರ್ವೆನ್ ಮಡಚಿದ್ದ ಕೋಟಿನ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡಳು.

"ಮುಖ ನೋಡಿ ಹೇಳಬೇಡಿ ಇಷ್‌ಬೆಲ್" ಎಂದಳು. "ಲೆಕ್ಕ ಹಾಕೋಣ."

ಇಬ್ಬರೂ ಕುರ್ಚಿ ಎಳೆದುಕೊಂಡು ಲೆಕ್ಕ ಹಾಕಿದರು. ಔಷಧಿಗೂ ಉಪ್ಪುನೀರಿಗೂ ವ್ಯತ್ಯಾಸವೇನೂ ಇರಲಿಲ್ಲ.