ರಾದೊಯ್ಕಾಳಿಗಾಗಿ ಹೊಡೆದ ಗಂಟೆ

ನನ್ನ ವಾರಗಿತ್ತಿ ರಾದೊಯ್ಕಾ ರೊಟ್ಟಿ ಕೊಯ್ಯುವ ಚಾಕುವಿನಿಂದ ಮಾತ್ರೆಯನ್ನು ಅರ್ಧ ಮಾಡುತ್ತಿದ್ದುದನ್ನು ನಾನು ಕಂಡದ್ದು ಅವಳ ಅಡುಗೆಮನೆಯ ಕಿಟಕಿಯಿಂದ. ಹಾಲಿನ ಪಾತ್ರೆ ಹಿಂತಿರುಗಿಸಲು ಹೋಗಿದ್ದೆ. ಅವಳು ಮೇಜಿನ ಮೇಲೆ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಒಂದೇಟಿಗೆ ಕೊಯ್ದು ಅರ್ಧವನ್ನು ಬಾಯಿಗೆ ಹಾಕಿಕೊಂಡಳು, ಉಳಿದರ್ಧವನ್ನು ಜೋಪಾನವಾಗಿ ಲೋಟದೊಳಗಿಟ್ಟಳು.

ಬಾಗಿಲು ತಳ್ಳಿ ಒಳಗೆ ಹೋಗಿ ಏನಿದು ಎಂದೆ.

"ಕಾಣಲ್ವೇನೇ? ಹುಲ್ಲು ಕಮ್ಮಿಯಾಗಿದೆ. ಅರ್ಧ ಹಾಕ್ತಿದ್ದೀನಿ."

ಗುಡ್ಡದ ಮೇಲಿನ ನಮ್ಮ ಯೆಲೊವಾ ಊರಿನಲ್ಲಿ ಹುಟ್ಟಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲದ ಕೊನೆಗೆ ಅಟ್ಟದಲ್ಲಿ ಹುಲ್ಲಿನ ತಳ ಕಾಣಿಸತೊಡಗಿದರೆ ಹಸುವಿಗೆ ಅರ್ಧ ಮೇವು ಹಾಕುತ್ತೇವೆ. ಹಸು ಬಡಕಲಾಗುತ್ತದೆ, ಆದರೆ ಹಸಿರು ಕಾಣುವವರೆಗೆ ಹೇಗೋ ಜೀವ ಹಿಡಿದುಕೊಂಡಿರುತ್ತದೆ. ಅಜ್ಜ ಮುತ್ತಜ್ಜಂದಿರ ಕಾಲದಿಂದ ನಡೆದುಬಂದ ಈ ಲೆಕ್ಕವನ್ನೇ ಮಹಾರಾಯಿತಿ ತನ್ನ ಹೃದಯಕ್ಕೂ ಹಚ್ಚಿದ್ದಳು. ಅವಳ ಎದೆಯಲ್ಲಿ ಒಂದು ಲೋಹದ ಕವಾಟವಿದೆ. ರಕ್ತ ತೆಳುವಾಗಿಡುವ ಮಾತ್ರೆ ದಿನವೂ ನುಂಗದಿದ್ದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಮುಗಿಯಿತು. ಅರ್ಧ ಮೇವಿನಲ್ಲಿ ಬದುಕಲು ಕವಾಟವೇನು ಹಸುವೇ?

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವಳ ಮೇಲಲ್ಲ. ನಾವು ಎಲ್ಲವನ್ನೂ ಚಳಿಗಾಲಕ್ಕೆಂದು ಕೂಡಿಡುವ ಜನ. ಹಿಟ್ಟು, ಸೌದೆ, ಪೀಪಾಯಿ ತುಂಬ ಹುಳಿ ಎಲೆಕೋಸು, ಒಲೆಯ ಮೇಲೆ ಹೊಗೆಯಾಡಿಸಿದ ಮಾಂಸ, ಕೆನೆ ತುಂಬಿದ ಮರದ ಕೊಡಗಳು, ಇವೆಲ್ಲ ಹಿಮ ಬೀಳುವ ಮೊದಲೇ ಒಳಗಿರುತ್ತವೆ. ಕೂಡಿಡಲು ಬಿಡದ ಒಂದೇ ವಸ್ತು ಮಾತ್ರೆ. ತಿಂಗಳಿಗಾಗುವಷ್ಟು ಮಾತ್ರ ಕೊಡಬೇಕೆಂದು ಯಾವನೋ ಬೆಚ್ಚಗಿನ ಕೋಣೆಯಲ್ಲಿ ಕೂತು ನಿಯಮ ಮಾಡಿದ್ದಾನೆ. ನಮ್ಮ ದಾರಿ ಮುಚ್ಚುವ ಹಿಮಕ್ಕೆ ಆ ನಿಯಮವನ್ನು ಓದಿ ಹೇಳುವವರು ಯಾರು?

ಗುರುವಾರ ಮಧ್ಯಾಹ್ನ ಪೇಟೆಯ ಆಸ್ಪತ್ರೆಯಲ್ಲಿ ರಾದೊಯ್ಕಾಳ ಸರದಿಯಿತ್ತು. ರಕ್ತ ನೋಡಿ, ಕವಾಟ ನೋಡಿ, ಆಮೇಲೆ ಮಾತ್ರೆ. ಮಾತ್ರೆಯ ಚೀಟಿ ತಿಂಗಳು ತಿಂಗಳೂ ಸಿಗುತ್ತದೆ, ಆದರೆ ಕವಾಟ ನೋಡುವ ಈ ಸರದಿ ಹುಲ್ಲು ಕೊಯ್ಯುವ ಕಾಲದಿಂದ ಕಾದು ಸಿಕ್ಕದ್ದು. ತಪ್ಪಿದರೆ ಇನ್ನು ಬೇಸಿಗೆಗೆ ಎಂದಿದ್ದರು. ಇವತ್ತು ಮಂಗಳವಾರ. ನಮ್ಮೂರಿಂದ ಕೆಳಗಿನ ಗರಗಸದ ಮಿಲ್ಲಿನವರೆಗೆ ದಾರಿಯೆಂಬುದೇ ಇರಲಿಲ್ಲ, ಬೇಲಿಗೂಟಗಳ ತುದಿಯಷ್ಟೇ ಕಾಣುತ್ತಿತ್ತು.

ನಾನು ಫೋನು ಹಿಡಿದು ಕೂತೆ. ಆಂಬುಲೆನ್ಸಿನವರು ದಾರಿಯಿಲ್ಲದೆ ಹೇಗೆ ಬರೋದು, ಮೊದಲು ಹಿಮ ತೆಗೆಯುವವರನ್ನು ಕೇಳಿ ಎಂದರು. ಹಿಮ ತೆಗೆಯುವ ಕಚೇರಿಯವನು ನಿಮ್ಮೂರಿನ ಸರದಿ ಬಂದಾಗ ಬರುತ್ತೇವೆ, ಕಾಯಿಲೆಯಾದರೆ ಆಂಬುಲೆನ್ಸಿನವರನ್ನು ಕೇಳಿ ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಪಾಪ, ಅವನು ಮರ್ಯಾದಸ್ಥ, ಪೂರ್ತಿ ಕೇಳಿಸಿಕೊಂಡು ಮೆತ್ತಗೆ ಕೇಳಿದ:

"ಅಮ್ಮ, ಯಾರಾದ್ರೂ ತೀರ್ಕೊಂಡಿದ್ದಾರಾ? ಹಾಗಿದ್ರೆ ಹೇಳಿ, ಅದು ಬೇರೆ ವಿಷ್ಯ. ಮಣ್ಣಿಗಾದ್ರೆ ಗಾಡಿ ಮೊದಲು ಕಳಿಸ್ತೀವಿ."

ನಾನು ಫೋನಿಟ್ಟು ರಾದೊಯ್ಕಾಳ ಮುಖ ನೋಡಿದೆ. ಫೋನಿನ ದನಿ ಅವಳಿಗೂ ಕೇಳಿಸಿತ್ತು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮಲ್ಲಿ ಸತ್ತವರಿಗೆ ಸಿಗುವ ಮರ್ಯಾದೆ ಬದುಕಿರುವ ಯಾವ ರಾಜನಿಗೂ ಇಲ್ಲ. ಇಗರ್ಜಿಯ ಗಂಟೆ ತಡೆದು ತಡೆದು ಹೊಡೆದುಕೊಂಡರೆ ಸಾಕು, ಮುರಿದ ಸೊಂಟದವನೂ ಸಲಿಕೆ ಹಿಡಿದು ಹೊರಡುತ್ತಾನೆ. ಗಟ್ಟಿಗ ಮುಂದೆ ನಿಂತು ಎದೆಮಟ್ಟದ ಹಿಮವನ್ನು ಒಡೆಯುತ್ತಾನೆ, ಸುಸ್ತಾದರೆ ಪಕ್ಕಕ್ಕೆ ಸರಿದು ಹಿಂದಿನವನಿಗೆ ಜಾಗ ಬಿಡುತ್ತಾನೆ, ಹೀಗೆ ಸಾಲಾಗಿ ತುಳಿದು ತೋಡಿ ಗುಡ್ಡ ಸೀಳಿಬಿಡುತ್ತಾರೆ. ಹೋದ ವರ್ಷ ಊರಿನ ಮುಖ್ಯಸ್ಥ ವುಕಾಶಿನ್‌ನ ಹೆಂಡತಿ ನೆವೆಂಕಾ ಹೊಟ್ಟೆನೋವಿನಿಂದ ಹೊರಳಾಡಿ, ಹಿಮ ನಿಲ್ಲಲಿ ನಿಲ್ಲಲಿ ಎಂದು ಎಲ್ಲರೂ ಕಾಯುತ್ತಿರುವಾಗಲೇ ಹೋಗಿಬಿಟ್ಟಳು. ಅದೇ ಹಿಮದಲ್ಲಿ, ಮರುದಿನ, ಪೇಟೆಯ ಸ್ಮಶಾನಕ್ಕೆ ಹೋಗಲು ಅವಳ ಹೆಣಕ್ಕೆ ದಾರಿಯಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

"ಗಂಟೆ ಹೊಡೆದುಬಿಡ್ಲಾ ಅಕ್ಕ?" ಎಂದೆ.

ಅವಳು ಬೆಚ್ಚಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ, ಬಿಡ್ತು ಅನ್ನು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಅರ್ಧ ಮಾತ್ರೆಯಿದ್ದ ಲೋಟವನ್ನು ಪಕ್ಕಕ್ಕೆ ತಳ್ಳಿದಳು.

"ಹೊಡಿ. ಆದ್ರೆ ಹೆಣದ ಹಾಗೆ ಮಲಗು ಅಂದ್ರೆ ಮಲಗಲ್ಲ. ಕೂತಿರ್ತೀನಿ. ಬಂದವ್ರು ನನ್ನ ಮುಖ ನೋಡ್ಲಿ."

ಗಂಟೆಮನೆಯ ಬೀಗದ ಕೈ ಇರುವುದು ನಮ್ಮನೆಯಲ್ಲೇ, ಗಂಟೆ ಹೊಡೆಯುವುದು ನನ್ನ ಗಂಡ ಬ್ಲಾಜೊನ ಕೆಲಸ. ಬುಧವಾರ ಬೆಳಗ್ಗೆ ವಿಷಯ ಹೇಳಿದರೆ ಅವನ ಮುಖ ಬಿಳಚಿಕೊಂಡಿತು. ದೇವರು, ಪಾದ್ರಿ, ಊರು, ಮೂರರ ಹೆಸರನ್ನೂ ಹೇಳಿ ಹೆದರಿಸಿದ. ಸತ್ತ ಅಣ್ಣನ ಹೆಂಡತಿ ಸಾಯಬಾರದು ಎಂಬ ಹೆದರಿಕೆ ಆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಕೇಳಿದೆ. ಹಸು ಕೂಗುತ್ತಿದೆ ಎಂದು ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಸು ಕೂಗುತ್ತಿರಲಿಲ್ಲ. ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ನಾನೇ ಹೋದೆ.

ಹಗ್ಗ ಮಂಜುಗಟ್ಟಿ ಕೋಲಿನಂತಾಗಿತ್ತು. ನಾನು ಯಾರ ಹೆಸರನ್ನೂ ಹೇಳಲಿಲ್ಲ, ಯಾರು ಸತ್ತರೆಂದೂ ಹೇಳಲಿಲ್ಲ. ತಡೆದು ತಡೆದು ಎಳೆದೆ, ಅಷ್ಟೆ. ಉಳಿದದ್ದನ್ನೆಲ್ಲ ಊರು ತಾನೇ ಹೇಳಿಕೊಂಡಿತು. ನಾನು ಇಳಿದು ಬರುವಷ್ಟರಲ್ಲಿ ಹೋಗುವಾಗ ರಾದೊಯ್ಕಾಳ ಮನೆ ಹೊಕ್ಕು ಬಂದಿದ್ದ ನನ್ನ ಹೆಜ್ಜೆಗುರುತು ಹಿಡಿದು ಎಲ್ಲರೂ ಅವಳ ಮನೆಯತ್ತ ತಿರುಗಿದ್ದರು. ಗಂಡಸರು ಪೆಟ್ಟಿಗೆಯಲ್ಲಿಟ್ಟ ಕಪ್ಪು ಕೋಟು ತೊಟ್ಟು ಹೆಗಲಿಗೆ ಸಲಿಕೆ ಏರಿಸಿದ್ದರು. ಹೆಂಗಸರ ಕೈಯಲ್ಲಿ ಸಾವಿನ ಮನೆಗೆ ಒಯ್ಯುವ ಕಾಫಿಪುಡಿ, ಸಕ್ಕರೆಯ ಪೊಟ್ಟಣ.

ಸ್ಮಿಲ್ಯಾ ಅಜ್ಜಿ ನಮ್ಮ ಕಡೆಯ ಹೆಸರಾಂತ ಅಳುವವಳು. ಸತ್ತವರ ಗುಣ ಹಾಡಿ ಅಳಲು ಆಕೆಗೆ ಸತ್ತವರ ಪರಿಚಯವಿರಬೇಕೆಂದೇನಿಲ್ಲ. ಬೇಲಿಯ ಹತ್ತಿರವೇ ರಾಗ ತೆಗೆದಳು. ಅಯ್ಯೋ ನನ್ನ ರಾದೊಯ್ಕಾ, ಬೆಣ್ಣೆಯಂಥ ಮಾತಿನವಳೇ, ಯಾರಿಗೂ ಎದುರಾಡದವಳೇ ಎಂದು ಎದೆ ಬಡಿದುಕೊಳ್ಳುವಾಗ ಕಿಟಕಿ ತೆರೆಯಿತು.

"ಅಜ್ಜಿ, ಎದುರಾಡದವಳು ಅನ್ನೋದು ಬಿಟ್ಬಿಡು. ಅದೊಂದು ಯಾರೂ ನಂಬಲ್ಲ."

ಸ್ಮಿಲ್ಯಾ ಅಜ್ಜಿ ಹಿಮದಲ್ಲಿ ಧೊಪ್ಪನೆ ಕೂತುಬಿಟ್ಟಳು. ಆಮೇಲೆ ಎಲ್ಲರ ಬಾಯಿಯೂ ಒಟ್ಟಿಗೆ ಬಿಚ್ಚಿಕೊಂಡಿತು. ಗಂಟೆಯ ಜೊತೆ ಆಟವಾಡಿದವರ ಮನೆಯಲ್ಲಿ ನಿಜವಾಗಿಯೂ ಸಾವಾಗುತ್ತದೆ ಎಂದರು. ಹೆಂಗಸಿನ ಕೈಗೆ ಬೀಗದ ಕೈ ಕೊಟ್ಟವನನ್ನು ಕರೆಯಿರಿ ಎಂದರು. ಕರೆದರು, ಬ್ಲಾಜೊ ಬರಲಿಲ್ಲ. ಪೇಟೆಯಲ್ಲಿರುವ ಪಾದ್ರಿಗೆ ಹೇಳುತ್ತೇವೆ ಎಂದವರೂ ಇದ್ದರು. ಹೇಳಲು ಹೋಗಬೇಕಾದರೆ ದಾರಿ ತೋಡಬೇಕಲ್ಲ, ತೋಡಿ, ನಾವೂ ಜೊತೆಗೆ ಬರುತ್ತೇವೆ ಎಂದೆ.

ವುಕಾಶಿನ್ ಎಲ್ಲರನ್ನೂ ಸರಿಸಿ ಮುಂದೆ ಬಂದ. ಉದ್ದನೆಯ ಆಳು, ಹೆಂಡತಿ ಹೋದ ಮೇಲೆ ಕತ್ತು ಸ್ವಲ್ಪ ಬಾಗಿದೆ. ಗಂಟೆ ಕೇಳಿದ ಕೂಡಲೇ ಕಚೇರಿಗೆ ಫೋನು ಮಾಡಿ ಸಾವಿನ ಸುದ್ದಿ ಮುಟ್ಟಿಸಿದ್ದ, ಅಲ್ಲಿಂದ ಹಿಮದ ಗಾಡಿ ಹೊರಟೂ ಆಗಿತ್ತು. ಅವನು ನೇರ ನನ್ನತ್ತ ತಿರುಗಿದ.

"ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲ ಯಾಗ್ಲಿಕಾ. ಊರಿನ ಮಾನ ತೆಗೆದೆ. ವಾಪಸ್ ಫೋನ್ ಮಾಡ್ತೀನಿ, ಗಾಡಿ ತಿರುಗಿಸ್ಲಿ. ಎಲ್ರೂ ಮನೆಗೆ ನಡೀರಿ."

ಜನ ಸಲಿಕೆ ಹೆಗಲಿಗೇರಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುತ್ತದೆ ಎನ್ನಿಸಿತು. ಬೇಡಿಕೊಂಡಿದ್ದರೆ ಕರಗುತ್ತಿದ್ದರೋ ಏನೋ. ಆದರೆ ನನಗೆ ಬೇಡಲು ಮನಸ್ಸಾಗಲಿಲ್ಲ. ನಾವೇನು ಬೇಡಬಾರದ್ದನ್ನು ಬೇಡುತ್ತಿದ್ದೆವೇ?

"ಮಾಡು ವುಕಾಶಿನಣ್ಣ. ಮುಂದಿನ ವಾರ ಮತ್ತೆ ಹೊಡೀತೀನಿ, ಆಗ ಸುಳ್ಳಾಗಿರಲ್ಲ. ಆಗ ಇದೇ ಕೋಟು ಹಾಕ್ಕೊಂಡು, ಇದೇ ಸಲಿಕೆ ತಗೊಂಡು, ಇದೇ ಹಿಮ ತೋಡ್ತೀರಿ. ನೆವೆಂಕಾಗೆ ತೋಡಿದ್ರಲ್ಲ, ಒಂದೇ ದಿನದಲ್ಲಿ. ಒಂದು ದಿನ ಮೊದ್ಲು ತೋಡಿದ್ರೆ ಇವತ್ತು ನಿನ್ ಪಕ್ಕದಲ್ಲಿ ನಿಂತಿರ್ತಿದ್ಲು."

ಆಡಬಾರದ ಮಾತು, ನನಗೆ ಗೊತ್ತು. ಆಡಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಹೆಂಗಸರೆಲ್ಲ ನೆಲ ನೋಡಿದರು. ವುಕಾಶಿನ್ ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಕಿಟಕಿಯಲ್ಲಿದ್ದ ರಾದೊಯ್ಕಾಳನ್ನು ನೋಡಿದ. ಆಮೇಲೆ ಬೇಲಿ ದಾಟಿ ಇಳಿಜಾರಿನ ತಲೆಯಲ್ಲಿ ನಿಂತು ಹಿಮಕ್ಕೆ ಸಲಿಕೆ ಹಾಕಿದ. ಇಗರ್ಜಿಗೆ ಹೋಗುವ ಕೋಟು ಸೊಂಟದವರೆಗೆ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಹೋಗಿ ಅವನ ಹಿಂದೆ ನಿಂತ. ಆಮೇಲೆ ಉಳಿದವರು. ಕೊಟ್ಟಿಗೆಯಿಂದ ನನ್ನ ಗಂಡನೂ ಹೊರಬಿದ್ದ, ತಾನು ಮೊದಲಿಂದಲೂ ಇದೇ ಹೇಳುತ್ತಿದ್ದೆ ಎಂಬ ಮುಖ ಮಾಡಿಕೊಂಡು.

ಸಂಜೆಯವರೆಗೆ ತೋಡಿದರು, ಗುರುವಾರ ಬೆಳಕು ಹರಿಯುತ್ತಲೇ ಮತ್ತೆ ಹಿಡಿದರು. ಹುಲ್ಲು ಸಾಗಿಸುವ ಜಾರುಬಂಡಿಯ ಮೇಲೆ ಕುರಿಯ ತುಪ್ಪಳ ಹಾಸಿ ರಾದೊಯ್ಕಾಳನ್ನು ಕೂರಿಸಿದೆವು. ಅವಳು ದಾರಿಯುದ್ದಕ್ಕೂ ಸುಮ್ಮನಿರಲಿಲ್ಲ, ಬಲಕ್ಕೆ ಎಳಿ, ಎಡಕ್ಕೆ ಎಳಿ ಎಂದು ಎಳೆಯುವವರ ತಲೆ ತಿಂದಳು. ಹೆಣವಾದರೆ ಬಾಯಿ ಮುಚ್ಚಿಕೊಂಡಾದರೂ ಇರುತ್ತಿತ್ತು ಎಂದು ಯಾರೋ ಗೊಣಗಿದರು. ಎಲ್ಲರೂ ನಕ್ಕರು. ನಿನ್ನೆಯಿಂದ ಅವರು ನಕ್ಕದ್ದು ಅದೇ ಮೊದಲು.

ಮಿಲ್ಲಿನ ಹತ್ತಿರ ಹಿಮದ ಗಾಡಿ ಆಗಲೇ ಬಂದು ನಿಂತಿತ್ತು, ಅದರ ಹಿಂದೆ ಪೇಟೆಯಿಂದ ಬಂದ ಶವದ ಗಾಡಿ. ಹಿಮದ ಗಾಡಿಯವನು ಇಳಿದು ಟೋಪಿ ತೆಗೆದು, ಹೆಣ ಎಲ್ಲಿ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ನಾನೇ ಕಣಪ್ಪ," ಎಂದಳು ರಾದೊಯ್ಕಾ. "ಸ್ವಲ್ಪ ಬೇಗ ಬಂದ್ಬಿಟ್ಟೆ."

ಅವನು ಒಮ್ಮೆ ಅವಳನ್ನು, ಒಮ್ಮೆ ನಮ್ಮನ್ನು ನೋಡಿ, ಕಚೇರಿಗೆ ಹೇಳಬೇಕಾಗುತ್ತದೆ ಎಂದು ತೊದಲಿದ. ಹೇಳು, ವುಕಾಶಿನ್ ಸುಳ್ಳು ಹೇಳಿದ ಅಂತ ನನ್ನ ಹೆಸರು ಹಿಡಿದೇ ಹೇಳು ಎಂದು ವುಕಾಶಿನ್ ಶವದ ಗಾಡಿಯ ಮುಂದಿನ ಬಾಗಿಲು ತೆಗೆದ. ರಾದೊಯ್ಕಾ ಹಿಂದುಗಡೆಯ ಖಾಲಿ ಜಾಗವನ್ನೊಮ್ಮೆ ತಿರುಗಿ ನೋಡಿ, ಚಾಲಕನ ಪಕ್ಕದಲ್ಲಿ ನೆಟ್ಟಗೆ ಕೂತಳು. ಅವಳ ಪಕ್ಕಕ್ಕೆ ನಾನು.

ಗಂಡಸರು ಅಲ್ಲಿಂದಲೇ ಮರಳಬಹುದಿತ್ತು. ಆದರೆ ನಮ್ಮಲ್ಲಿ ಹೆಣದ ಹಿಂದೆ ಹೊರಟವನು ಕೆಲಸ ಮುಗಿಯದೆ ಅರ್ಧ ದಾರಿಯಲ್ಲಿ ತಿರುಗಬಾರದು. ಹೆಣವಿಲ್ಲವಲ್ಲ ಎಂದು ಬ್ಲಾಜೊ ಮೆಲ್ಲಗೆ ನೆನಪಿಸಿದ. ಹೊರಟದ್ದು ಹೊರಟದ್ದೇ ಎಂದು ವುಕಾಶಿನ್ ಎಲ್ಲರನ್ನೂ ಮಿಲ್ಲಿನ ಲಾರಿಗೆ ಹತ್ತಿಸಿದ.

ಆಸ್ಪತ್ರೆಯಲ್ಲಿ ನಮ್ಮ ಸರದಿಗೆ ಸರಿಯಾಗಿ ಮುಟ್ಟಿದೆವು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ರಕ್ತ ನೋಡಿ, ಕವಾಟ ನೋಡಿ, ಅರ್ಧ ಮಾತ್ರೆಯ ಕಥೆ ಕೇಳಿ ಅವಳ ಹುಬ್ಬು ಗಂಟಿಕ್ಕಿತು. ರಕ್ತ ದಪ್ಪಗಾಗಿಬಿಟ್ಟಿದೆ, ಹೆಪ್ಪು ಇನ್ನೂ ಕೂತಿಲ್ಲ, ಇನ್ನೊಂದು ವಾರ ತಡವಾಗಿದ್ದರೆ ಜೀವ ಉಳಿಯುತ್ತದೆಂದು ನಾನು ಮಾತು ಕೊಡುತ್ತಿರಲಿಲ್ಲ ಎಂದಳು. ಸೂಜಿಮದ್ದು ಕೊಟ್ಟಳು. ಆಮೇಲೆ ಒಂದು ತಿಂಗಳ ಮಾತ್ರೆ ಬರೆದು, ಮುಂದಿನ ಚೀಟಿಗೆ ಮುಂದಿನ ತಿಂಗಳು ಬನ್ನಿ, ನಿಯಮ ಹಾಗಿದೆ ಎಂದಳು.

ರಾದೊಯ್ಕಾ ಕುರ್ಚಿಯಿಂದ ಏಳಲಿಲ್ಲ.

"ಮಗಳೇ, ತಿಂಗಳಿಗೊಂದ್ಸಲ ಸಾಯೋಕಾಗಲ್ಲ ನಂಗೆ."

ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥಮಾಡಿಸುವ ತಾಳ್ಮೆ ನಮಗಿಬ್ಬರಿಗೂ ಇರಲಿಲ್ಲ. ಚಳಿಗಾಲಕ್ಕೆಲ್ಲ ಆಗುವಷ್ಟು ಮಾತ್ರೆ ಬರೆಯುವವರೆಗೂ ಇಲ್ಲೇ ಕೂತಿರುತ್ತೇನೆ ಎಂದು ರಾದೊಯ್ಕಾ ಕೈಕಟ್ಟಿದಳು. ಅವಳು ಕೈಕಟ್ಟಿದಳೆಂದರೆ ಬಿಚ್ಚಿಸಲು ಸತ್ತುಹೋದ ನನ್ನ ಭಾವನವರಿಂದಲೂ ಆಗುತ್ತಿರಲಿಲ್ಲ. ದಾದಿಯನ್ನು ಕರೆಯಲೆಂದು ಡಾಕ್ಟರು ಎದ್ದು ಬಾಗಿಲು ತೆಗೆದಳು.

ಹೊರಗೆ ಗೋಡೆಯುದ್ದಕ್ಕೂ ನಮ್ಮೂರ ಗಂಡಸರು ಕಪ್ಪು ಕೋಟಿನಲ್ಲಿ, ಟೋಪಿ ಕೈಯಲ್ಲಿ ಹಿಡಿದು, ಬೂಟಿನಿಂದ ಹಿಮ ಕರಗಿ ಹರಿಯುತ್ತಿರಲು ಸಾಲಾಗಿ ನಿಂತಿದ್ದರು. ಒಬ್ಬನೂ ಕೂತಿರಲಿಲ್ಲ. ಹುಡುಗಿಯ ಮುಖ ಇಳಿದುಹೋಯಿತು.

"ಅಯ್ಯೋ," ಎಂದಳು ಮೆಲ್ಲಗೆ. "ನಿಮ್ಮಲ್ಲಿ ಯಾರು ತೀರ್ಕೊಂಡ್ರು?"

ವುಕಾಶಿನ್ ಒಂದು ಹೆಜ್ಜೆ ಮುಂದೆ ಬಂದ.

"ಯಾರೂ ಇಲ್ಲ ಡಾಕ್ಟ್ರಮ್ಮ. ಈ ಸಲ ಮೊದ್ಲೇ ಬಂದಿದ್ದೀವಿ."

ಅವಳು ಬಾಗಿಲನ್ನು ತೆರೆದೇ ಬಿಟ್ಟು ಮೇಜಿಗೆ ಹಿಂತಿರುಗಿದಳು. ಬರೆದಿದ್ದ ಚೀಟಿಯನ್ನು ಹರಿದು ಹಾಕಿ, ನಿಮ್ಮ ಕಡೆ ಹಿಮ ಯಾವಾಗ ಕರಗುತ್ತದೆ ಎಂದು ಕೇಳಿದಳು.