ಬೂದಜ್ಜನ ಮಾತು ಕೇಳಿದ ಮೈಕು

ನಾನು ಒಂದು ಮೈಕು. ಉಕ್ಕಿನ ಜಾಲರಿಯ ತಲೆ, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪದ ಮೈ, ಬುಡದಲ್ಲಿ ವೈರು ಸಿಕ್ಕಿಸುವ ಮೂರು ಪಿನ್ನುಗಳು. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬಳು ಹೆಂಗಸು ಜಾಲರಿಯ ಒಳಗೆ ತೆಳ್ಳನೆಯ ಪೊರೆಯನ್ನು ಕೂರಿಸಿ, ನನ್ನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಊದಿದಳು. ಪೊರೆ ನಡುಗಿತು. ಅದೇ ನನ್ನ ಮೊದಲ ಉಸಿರು. ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸುವುದು ನನ್ನ ಕೆಲಸ. ಆ ಕೆಲಸವನ್ನು ನಾನು ಒಂದು ದಿನವೂ ಕೆಡಿಸಿದವನಲ್ಲ. ಕೆಡಿಸಿದವರು ಬೇರೆ. ಅವರ ಕಥೆಯನ್ನೇ ಹೇಳಹೊರಟಿದ್ದೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ ನನ್ನನ್ನು ಕೊಂಡವರು ಇನಾಯತುಲ್ಲಾ. ಧ್ವನಿ ಮುದ್ರಣ ಅವರ ಕಸುಬು. ಮಿತಭಾಷಿ ಮನುಷ್ಯ. ಪ್ರತಿ ಸಲ ಕೆಲಸ ಮುಗಿದ ಮೇಲೆ ನನ್ನ ಜಾಲರಿಯನ್ನು ಕರವಸ್ತ್ರದಿಂದ ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಟಿವಿ ಚಾನೆಲ್ಲಿನವರು ಹೊರಗಡೆ ಚಿತ್ರೀಕರಣಕ್ಕೆ ಹೋಗುವಾಗ ಅವರನ್ನು ಕರೆಯುತ್ತಿದ್ದರು. ಹಾಗೆ ನನಗೆ ಚಕ್ರಪಾಣಿಯ ಪರಿಚಯವಾಯಿತು.

ಚಕ್ರಪಾಣಿ ಆ ಚಾನೆಲ್ಲಿನಲ್ಲಿ ವಾರಕ್ಕೊಮ್ಮೆ ಭಯ ಹುಟ್ಟಿಸುವ ಕಾರ್ಯಕ್ರಮ ಮಾಡುತ್ತಿದ್ದ. ಒಮ್ಮೆ ಕರಾವಳಿಯ ಕೊರಗ ಬುಡಕಟ್ಟಿನವರ ಕಾಲೊನಿಯೊಂದಕ್ಕೆ ನಮ್ಮನ್ನು ಕರೆದುಕೊಂಡು ಹೋದ. ಡೋಲು ಬಾರಿಸುವುದರಲ್ಲಿ ಸುತ್ತಮುತ್ತಲ ಊರಿನಲ್ಲೆಲ್ಲ ಹೆಸರಾದ ಬೂದಜ್ಜನ ಮನೆ ಅಲ್ಲಿತ್ತು. ಅಜ್ಜನ ಮಗಳು ಸುಗುಣ ಅಂಗನವಾಡಿಯ ಟೀಚರು. ಅವಳು ಅಂಗಳಕ್ಕೆ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟಳು. ಚಕ್ರಪಾಣಿ ಚಾಪೆಯ ಮೇಲೆ ಕೂರಲಿಲ್ಲ. ನೀರನ್ನೂ ಮುಟ್ಟಲಿಲ್ಲ, ಕಾರಿನಿಂದ ತನ್ನ ಬಾಟಲಿ ತರಿಸಿಕೊಂಡ. ಇನಾಯತ್ ಮಾತ್ರ ಎರಡು ಲೋಟ ಕುಡಿದು, ನನ್ನನ್ನು ಅಜ್ಜನ ಎದುರು ಹಿಡಿದರು.

ಅಜ್ಜ ಬಾರಿಸಿದರು. ನನ್ನ ಪೊರೆ ಹರಿದೇ ಹೋಗುತ್ತದೆ ಅನ್ನಿಸಿತು. ಅಂಥ ಬಡಿತವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಬಾರಿಸಿ ಮುಗಿಸಿ, ಬೆವರು ಒರೆಸಿಕೊಂಡು, ತಮ್ಮ ಕೊರಗ ಭಾಷೆಯಲ್ಲಿ ನಿಧಾನವಾಗಿ ನಾಲ್ಕು ಮಾತು ಹೇಳಿದರು. ಸುಗುಣ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮೊಮ್ಮಗಳು ಹುಟ್ಟಿದ ದಿನ ಅಪ್ಪ ಇದನ್ನೇ ಬಾರಿಸಿದ್ದು, ಮಗು ಆ ಸದ್ದಿಗೆ ಅಳು ನಿಲ್ಲಿಸಿ ಕಣ್ಣು ಬಿಟ್ಟಿತು ಎಂದು. ಚಕ್ರಪಾಣಿ ತುಂಬ ಚೆನ್ನಾಗಿದೆ ಅಜ್ಜ ಎಂದ. ನಿಮ್ಮ ಹೆಸರು ರಾಜ್ಯಕ್ಕೆಲ್ಲ ಗೊತ್ತಾಗುವ ಹಾಗೆ ಮಾಡುತ್ತೇನೆ ಎಂದೂ ಹೇಳಿದ.

ಮಾತು ಉಳಿಸಿಕೊಂಡ. ಮುಂದಿನ ವಾರ ಟಿವಿಯಲ್ಲಿ ಬೂದಜ್ಜ ಬಂದರು. ಸುಗುಣಳ ಮಾತು ಇರಲಿಲ್ಲ. ಅಜ್ಜನ ತುಟಿ ಅಲ್ಲಾಡುವಾಗ ಕೆಳಗೆ ಕೆಂಪು ಅಕ್ಷರದಲ್ಲಿ, 'ಬಲಿಗೆ ಮಗು ಬೇಕು, ಹಸಿ ರಕ್ತ ಬೇಕು' ಎಂದು ಬರೆದಿತ್ತು. ಮೊಮ್ಮಗಳ ಹುಟ್ಟಿನ ಬಡಿತ ನರಬಲಿಯ ಬಡಿತವಾಗಿತ್ತು. ಇನಾಯತ್ ಅದನ್ನು ನೋಡಿ ಚಾನೆಲ್ಲಿಗೆ ಫೋನು ಮಾಡಿ ಜಗಳವಾಡಿದರು. ಆಮೇಲೆ ಅವರನ್ನು ಅಲ್ಲಿಂದ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಸ್ವಲ್ಪ ದಿನಕ್ಕೆ ಸುಗುಣಳಿಂದ ಫೋನು ಬಂತು. ಬೂದಜ್ಜ ಪೇಟೆಯಲ್ಲಿ ಬುಟ್ಟಿ ಮಾರುತ್ತಿದ್ದರಂತೆ. ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತಿದ್ದ ಒಂದು ಮಗುವಿನ ತಲೆ ಸವರಿದರಂತೆ. ಟಿವಿಯಲ್ಲಿ ಬಂದವನು ಇವನೇ, ಮಕ್ಕಳ ಕಳ್ಳ ಎಂದು ಯಾರೋ ಕೂಗಿದ. ಜನ ಮುಗಿಬಿದ್ದು ಹೊಡೆದರು. ಅಜ್ಜನ ಬಲಗೈಯ ಬೆರಳುಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು. ಆ ಕೈ ಮತ್ತೆ ಡೋಲಿನ ಕೋಲು ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಇನಾಯತ್ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದರು. ಪಕ್ಕದ ಮೇಜಿನ ಮೇಲಿದ್ದ ನನಗೆ ಸುಗುಣಳ ಧ್ವನಿ ಕೇಳುತ್ತಿತ್ತು. ಅವಳು ಅಳುತ್ತಿರಲಿಲ್ಲ. ಚಕ್ರಪಾಣಿ ಈಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದಷ್ಟೇ ಕೇಳಿದಳು.

ಚಕ್ರಪಾಣಿ ಸಿನೆಮಾ ಮಾಡುತ್ತಿದ್ದ. ಆ ಕಾರ್ಯಕ್ರಮದಿಂದ ಸಿಕ್ಕಿದ ಹೆಸರನ್ನೇ ಹಿಡಿದುಕೊಂಡು ನಿರ್ದೇಶಕನಾಗಿದ್ದ. ಕಥೆಯಲ್ಲಿ ಕಾಡುಜನ ನಾಯಕಿಯನ್ನು ಹಿಡಿದು ಬಲಿಗೆ ಕೂರಿಸುತ್ತಾರೆ, ನಾಯಕ ಬಂದು ಅವರನ್ನೆಲ್ಲ ಕೊಂದು ಬಿಡಿಸುತ್ತಾನೆ. ಕಾಡುಜನರ ಪಾತ್ರ ಮಾಡಿದವರು ಬೆಂಗಳೂರಿನ ಜಿಮ್ಮಿನ ಹುಡುಗರು, ಮೈಗೆ ಮಸಿ, ಕೊರಳಿಗೆ ಪ್ಲಾಸ್ಟಿಕ್ಕಿನ ಮೂಳೆ. ಅವರಿಗೆ ಒಂದು 'ಕಾಡುಭಾಷೆ' ಬೇಕಿತ್ತು. ಆಗ ಇನಾಯತ್ ಒಂದು ಸಣ್ಣ ಡಬ್ಬಿಂಗ್ ಸ್ಟುಡಿಯೋ ನಡೆಸುತ್ತಿದ್ದರು. ಹಳೆಯ ಜಗಳ ಚಕ್ರಪಾಣಿಗೆ ನೆನಪೇ ಇರಲಿಲ್ಲ. ಅಗ್ಗವೆಂದು ಅಲ್ಲಿಗೇ ಬಂದ. ಕಾಡಿನವರದ್ದೇ ನಿಜವಾದ ದನಿ ಸಿಕ್ಕರೆ ಒಳ್ಳೆಯದು ಎಂದ. ಇನಾಯತ್ ಸುಗುಣಳಿಗೆ ಹೇಳಿಕಳಿಸಿದರು.

ಸುಗುಣ ಕಾಲೊನಿಯ ಇನ್ನೂ ನಾಲ್ಕು ಮಂದಿ ಹೆಂಗಸರನ್ನು ಕರೆದುಕೊಂಡು ಬಂದಳು. ಚಕ್ರಪಾಣಿಗೆ ಅವಳ ಗುರುತು ಸಿಗಲಿಲ್ಲ. ಗಾಜಿನ ಆಚೆ ಕೂತು, "ಏನಾದ್ರೂ ಅನ್ನಿ, ಅರ್ಥ ಏನೂ ಬೇಕಾಗಿಲ್ಲ. ಕೇಳಿದ್ರೆ ಮೈ ಜುಂ ಅನ್ಬೇಕು, ಅಷ್ಟೇ" ಎಂದ.

"ಏನಾದ್ರೂ ಹೇಳ್ಬಹುದಾ ಸರ್?" ಎಂದು ಸುಗುಣ ಕೇಳಿದಳು.

"ಏನಾದ್ರೂ."

ಅವಳು ನನ್ನ ಹತ್ತಿರ ಬಂದಳು. ಅವಳ ಉಸಿರು ಬಿಸಿಯಾಗಿತ್ತು. ಆಮೇಲೆ ಕೊರಗ ಭಾಷೆಯಲ್ಲಿ ಶುರುಮಾಡಿದಳು, ಉಳಿದವರು ಹಿಂದಿನಿಂದ ದನಿಗೂಡಿಸಿದರು. ಈ ಸಿನೆಮಾ ಮಾಡಿದವನು ಸುಳ್ಳ. ನಮ್ಮ ಅಂಗಳಕ್ಕೆ ಬಂದು ನೀರು ಮುಟ್ಟದೆ ಹೋದವನು. ನನ್ನ ಅಪ್ಪನ ಬಾಯಿಗೆ ರಕ್ತ ಹಚ್ಚಿದವನು, ಬೆರಳು ಜಜ್ಜಿಸಿದವನು. ನಮ್ಮ ಮಾತು ಇವನಿಗೆ ಬರುವುದಿಲ್ಲ, ಅದಕ್ಕೇ ಇದು ನಿಮ್ಮ ಕಿವಿಯವರೆಗೆ ಬಂದಿದೆ. ಇವನ ಮುಖ ಬೀದಿಯ ಕಸವಾಗಲಿ. ಹೆಸರನ್ನು ಮಾತ್ರ ಅವಳು ಎತ್ತಲಿಲ್ಲ, ಎತ್ತಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು. ನನ್ನ ಆಯುಷ್ಯದಲ್ಲಿ ನಾನು ಅಷ್ಟು ಖುಷಿಯಿಂದ ನಡುಗಿದ್ದಿಲ್ಲ.

ಚಕ್ರಪಾಣಿ ಚಪ್ಪಾಳೆ ತಟ್ಟಿದ. ಚಹಾ ಕುಡಿಯಲು ಹೊರಗೆ ಹೋದ. ಇನಾಯತ್ ಸುಗುಣಳ ಹತ್ತಿರ ಅದರ ಅರ್ಥ ಕೇಳಿದರು. ಅವಳು ಮುಚ್ಚಿಡದೆ ಹೇಳಿ, ಅಳಿಸುವುದಾದರೆ ಅಳಿಸಿ ಎಂದಳು. ಅವರು ಬಹಳ ಹೊತ್ತು ಯೋಚಿಸಲಿಲ್ಲ. "ಟೇಕ್ ಓಕೆ ಅಮ್ಮಾ" ಎಂದರು.

ಸಿನೆಮಾ ಬಿಡುಗಡೆಯಾಯಿತು. ಮೊದಲ ದಿನ ಕಾಲೊನಿಯವರೆಲ್ಲ ಉಡುಪಿಯ ಥಿಯೇಟರಿಗೆ ಹೋದರು. ಬಲಿಯ ದೃಶ್ಯ ಬಂದಾಗ ಉಳಿದ ಜನ ಹೆದರಿ ಕೂತಿದ್ದರೆ, ಒಂದು ಸಾಲು ಮಾತ್ರ ಬಿದ್ದು ಬಿದ್ದು ನಕ್ಕಿತಂತೆ. ಸುಗುಣಳ ತಮ್ಮ ಆ ದೃಶ್ಯಕ್ಕೆ ಸರಿಯಾದ ಕನ್ನಡ ಅರ್ಥ ಬರೆದು, ಪೇಟೆಯಲ್ಲಿ ಬೂದಜ್ಜನಿಗೆ ಆದದ್ದನ್ನೂ ಸೇರಿಸಿ ಮೊಬೈಲಿಗೆ ಹಾಕಿದ. ಎರಡೇ ದಿನದಲ್ಲಿ ಅದು ಊರೂರು ಸುತ್ತಿತು. ಕಾಲೇಜು ಹುಡುಗರು ಚಕ್ರಪಾಣಿಯನ್ನು ಕಂಡಲ್ಲಿ ಬಲಿಯ ದೃಶ್ಯದ ಆ ಮಾತುಗಳನ್ನೇ ಮಂತ್ರದ ಹಾಗೆ ಹಾಡತೊಡಗಿದರು. ಅವನ ಚಾನೆಲ್ಲಿನ ಎದುರಾಳಿ ಚಾನೆಲ್ಲುಗಳು ದಿನವಿಡೀ ಅದನ್ನೇ ತೋರಿಸಿದವು. ಅವನು ಸ್ಟುಡಿಯೋಗೆ ನುಗ್ಗಿ ಬಂದು ಇನಾಯತ್ ಅವರ ಕೊರಳಪಟ್ಟಿ ಹಿಡಿದ. ನನ್ನನ್ನು ಕಿತ್ತು ಗೋಡೆಗೆ ಎಸೆದ. ನನ್ನ ಜಾಲರಿ ಒಂದು ಕಡೆ ಒಳಗೆ ಹೋಯಿತು. ಇನಾಯತ್ ಅವನಿಗೆ ಹೇಳಿದ್ದು ಒಂದೇ ಮಾತು, ಅರ್ಥ ಬೇಡ ಅಂದವರು ನೀವೇ ಎಂದು.

ವಯಸ್ಸಾಯಿತೆಂದು ಇನಾಯತ್ ಸ್ಟುಡಿಯೋ ಮುಚ್ಚುವಾಗ ಎಲ್ಲವನ್ನೂ ಮಾರಿದರು, ನನ್ನೊಬ್ಬನನ್ನು ಬಿಟ್ಟು. ನನ್ನನ್ನು ಅವರೇ ಕರಾವಳಿಗೆ ತಂದು ಸುಗುಣಳ ಕೈಗೆ ಕೊಟ್ಟರು. ಕಾಲೊನಿಯ ಸಮುದಾಯ ಭವನದಲ್ಲಿ ಅವಳೂ ನಾಲ್ಕಾರು ಮಂದಿಯೂ ಸೇರಿ ಇಂಟರ್‌ನೆಟ್ಟಿನಲ್ಲಿ ಒಂದು ಸಣ್ಣ ರೇಡಿಯೋ ನಡೆಸುತ್ತಾರೆ. ದಿನವೂ ಕೊರಗ ಭಾಷೆಯಲ್ಲಿ ವಾರ್ತೆ, ಆಮೇಲೆ ಕನ್ನಡದಲ್ಲಿ. ಮೊದಲ ದಿನ ಬೂದಜ್ಜ ನನ್ನ ಎದುರು ಕೂತು ತಮಗೆ ಆದದ್ದನ್ನೆಲ್ಲ ಹೇಳಿದರು. ಒಂದು ಅಕ್ಷರವನ್ನೂ ಯಾರೂ ಕತ್ತರಿಸಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಚಕ್ರಪಾಣಿ ಭವನಕ್ಕೆ ಬಂದ, ಜೊತೆಗೆ ಒಂದು ಕ್ಯಾಮೆರಾ. ಎರಡನೆಯ ಸಿನೆಮಾ ಕೈತಪ್ಪಿತ್ತು. ಚಾನೆಲ್ಲಿನವರು, ಅಜ್ಜನಿಂದ ಕ್ಷಮೆ ಸಿಕ್ಕ ವೀಡಿಯೋ ತಂದರೆ ಮಾತ್ರ ಒಳಗೆ ಬಾ ಎಂದಿದ್ದರಂತೆ. ಅವನು ಈ ಸಲ ಚಾಪೆಯ ಮೇಲೆ ಕೂತ. ಕೈಮುಗಿದು, ತಪ್ಪಾಯ್ತು ಅಜ್ಜ, ಕ್ಷಮಿಸಿದೆ ಅಂತ ಒಂದು ಮಾತು ಹೇಳಿಬಿಡಿ ಎಂದ.

ಸುಗುಣ ನನ್ನನ್ನು ಅವನ ಬಾಯಿಯ ಮುಂದೆ ಇಟ್ಟಳು. "ತಪ್ಪಾಯ್ತು ಅನ್ನೋದನ್ನ ನಮ್ಮ ಭಾಷೆಯಲ್ಲಿ ಹೇಳಿ ಸರ್. ನಾನು ಹೇಳಿಕೊಡ್ತೇನೆ."

ಅವನು ನನ್ನಿಂದ ಹಿಂದೆ ಸರಿದ. "ನೀವು ಹೇಳಿಕೊಡೋದರ ಅರ್ಥ ಏನು?"

ಬೂದಜ್ಜ ತಲೆ ಎತ್ತಿದರು. "ನನ್ನ ಮಾತಿನ ಅರ್ಥ ಟಿವಿಗೆ ಹಾಕುವಾಗ ನನ್ನತ್ರ ಕೇಳಿದ್ರಾ ನೀವು?"

ಅವನಿಗೆ ಬೇರೆ ದಾರಿ ಇರಲಿಲ್ಲ. ಸುಗುಣ ಒಂದೊಂದೇ ಮಾತು ಹೇಳಿದಳು, ಅವನು ತೊದಲುತ್ತಾ ಹಿಂದಿನಿಂದ ಹೇಳಿದ. ಭವನದ ತುಂಬ ಜನ ನಿಂತಿದ್ದರು. ಅವನ ಬೆವರು ನನ್ನ ಜಾಲರಿಯ ಮೇಲೆ ಬಿತ್ತು. ಅವನು ಹೇಳಿದ್ದು ಇಷ್ಟೇ: ನಾನು ಸುಳ್ಳು ಹೇಳಿದೆ. ಬೂದನ ಡೋಲು ಮಗು ಹುಟ್ಟಿದ ಸಂತೋಷಕ್ಕೆ ಬಾರಿಸುವ ಡೋಲು. ಅವನ ಬೆರಳು ಮುರಿದದ್ದು ನನ್ನ ನಾಲಿಗೆ. ತಾನು ಏನು ಹೇಳುತ್ತಿದ್ದೇನೆಂದು ತಿಳಿಯದೆ, ಯಾವ ಬೈಗುಳವೋ ಎಂದು ಹೆದರುತ್ತಲೇ ಅವನು ತನ್ನ ಬದುಕಿನ ಒಂದೇ ಒಂದು ನಿಜವನ್ನು ಹೇಳಿದ.

ಮುಗಿಸಿ ಅವನು ಅಜ್ಜನ ಮುಖ ನೋಡಿದ. ಅಜ್ಜ ಕಿವಿಗೆ ಕೈ ಹಚ್ಚಿದರು. ಅವರ ಕಿವಿಗೆ ಏನೂ ಆಗಿಲ್ಲ, ನನಗೆ ಚೆನ್ನಾಗಿ ಗೊತ್ತು.

"ಸರಿ ಕೇಳ್ಲಿಲ್ಲ. ಇನ್ನೊಮ್ಮೆ ಹೇಳಿ."

ಅವನು ಇನ್ನೊಮ್ಮೆ ಹೇಳಿದ. ಅಜ್ಜ ಮತ್ತೊಮ್ಮೆ ಎಂದರು. ಅವನು ಮತ್ತೊಮ್ಮೆ ಹೇಳಿದ. ಅವನಿಗೆ ಬೇಕಾಗಿದ್ದ ಆ ಒಂದು ಮಾತನ್ನು ಅಜ್ಜ ಕೊನೆಗೂ ಹೇಳಲಿಲ್ಲ. ಎದ್ದು ಕೋಳಿಗಳಿಗೆ ಕಾಳು ಹಾಕಲು ಹೋದರು.

ಆ ವೀಡಿಯೋ ಅವನ ಚಾನೆಲ್ಲಿನಲ್ಲಿ ಬರಲಿಲ್ಲ. ನಾನು ಹಿಡಿದ ದನಿ ನಮ್ಮ ರೇಡಿಯೋದಲ್ಲಿ ಬಂತು, ಎರಡು ಭಾಷೆಯಲ್ಲಿ. ಈಗ ನನಗೆ ವಯಸ್ಸಾಗಿದೆ. ಪೊರೆ ಸಡಿಲವಾಗಿದೆ, ಜೋರು ದನಿಗೆ ಕರಕರ ಎನ್ನುತ್ತೇನೆ. ಹೊಸ ಮೈಕು ಬಂದಿದೆ. ನನ್ನನ್ನು ಭವನದ ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದಾರೆ. ಸಿಟ್ಟು ಆರಿತೇ ಎಂದು ನನ್ನನ್ನು ಕೇಳಿದರೆ, ಇಲ್ಲ. ಆರಬೇಕೆಂಬ ಆಸೆಯೂ ಇಲ್ಲ. ಅಜ್ಜನ ಬೆರಳು ಮರಳಿ ಬರಲಿಲ್ಲ, ಹೊಡೆದವರಲ್ಲಿ ಒಬ್ಬನೂ ಇಲ್ಲಿಯ ತನಕ ಜೈಲು ನೋಡಿಲ್ಲ. ಆದರೆ ಕೆಲವು ಮಧ್ಯಾಹ್ನ ಬೂದಜ್ಜ ಬಂದು ಚಕ್ರಪಾಣಿಯದ್ದು ಹಾಕು ಎನ್ನುತ್ತಾರೆ. ಸುಗುಣ ಹಾಕುತ್ತಾಳೆ. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿ ಮನೆಗೆ ಹೋಗುತ್ತಾರೆ. ಅದನ್ನು ಕೇಳಿದ ದಿನ ಅವರು ಎರಡು ತುತ್ತು ಜಾಸ್ತಿ ಉಣ್ಣುತ್ತಾರಂತೆ.